ಆರನೆಯ ಸೀಸೆಯ ಮುಚ್ಚಳ

ಮರುಎಣಿಕೆಯ ನಲವತ್ತೊಂದನೇ ವರ್ಷ, ಎರಡನೇ ಬೇಸಿಗೆಯ ಐವತ್ತಮೂರನೇ ದಿನ
ಡೋಣಿ ನದಿಯ ಮೇಲ್ದಂಡೆ

ನೀಲಾಂಬಿಕೆ ಆಯಿಯವರಿಗೆ,

ನಿಮಗೀಗ ಮೂವತ್ತನಾಲ್ಕು, ನನಗೆ ಅರವತ್ತು. ಆದರೂ ನೀವು ನನ್ನ ಮುತ್ತಜ್ಜಿಯ ತಾಯಿ, ಆದ್ದರಿಂದ ಆಯಿ ಎನ್ನುವುದೇ ಸರಿ. ನನ್ನ ಕನ್ನಡ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಪುಸ್ತಕಗಳನ್ನು ನೋಡಿ ಬರೆಯುತ್ತಿದ್ದೇನೆ. ದಿನಾಂಕಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಮಳೆಗಾಲ ನಿಂತೇಹೋದ ಮೇಲೆ ನಾವು ವರ್ಷಗಳನ್ನು ಒಂದರಿಂದ ಎಣಿಸತೊಡಗಿದೆವು, ಅದೇ ಮರುಎಣಿಕೆ.

ನಿಮ್ಮ ಮುಂದೆ ಈಗ ಒಂದು ಆರ್ಡರ್ ಅರ್ಜಿ ಇದೆ. ವೈನ್ ಇನ್ನೂ ಪೀಪಾಯಿಯಲ್ಲಿದೆ, ಸೀಸೆಗೆ ಇಳಿಯಲು ಎರಡು ವರ್ಷ ಬೇಕು, ಮಾಡುವುದೇ ಮುನ್ನೂರು ಸೀಸೆ. ನೀವು ಆರಕ್ಕೆ ಮುಂಗಡ ಕಟ್ಟುತ್ತಿದ್ದೀರಿ. ಪ್ರತಿ ಸೀಸೆಗೂ ಕಾರ್ಕ್ ಬೇಕೋ, ತಿರುಗಿಸಿ ತೆಗೆಯುವ ಲೋಹದ ಮುಚ್ಚಳ ಬೇಕೋ ಎಂದು ಕೇಳಿದ್ದಾರೆ. ಆ ಅರ್ಜಿಯ ನಕಲು ನನ್ನ ಬಳಿ ಇದೆ. ಐದು ಸಾಲುಗಳಲ್ಲಿ ಕಾರ್ಕ್ ಎಂದು ಗುರುತು ಹಾಕಿ, ಪಕ್ಕದಲ್ಲಿ 'ಇದರ ಗತ್ತೇ ಬೇರೆ' ಎಂದು ಬರೆದಿದ್ದೀರಿ. ಆರನೆಯ ಸಾಲನ್ನು ಗೆದ್ದಲು ತಿಂದಿದೆ.

ಆ ಗತ್ತು ನಮ್ಮನ್ನು ಏನು ಮಾಡಿತು, ಕೇಳಿ. ಮೊದಲ ನಾಲ್ಕು ಸೀಸೆಗಳನ್ನು ನಿಮ್ಮ ಮಕ್ಕಳೇ ಕುಡಿದು ಮುಗಿಸಿದರು, ರುಚಿಯಾಗಿದ್ದವಂತೆ. ಉಳಿದೆರಡು ನಮ್ಮ ಕಾಲಕ್ಕೆ ಸಾಕ್ಷಿಸೀಸೆಗಳಾದವು. ನೀರು ಹಂಚಿಕೊಳ್ಳುವಾಗ ಎರಡೂ ದಂಡೆಯವರು ಒಂದೇ ಸೀಸೆಯಿಂದ ಕುಡಿಯಬೇಕು, ಅದು ಜಗಳ ಹುಟ್ಟುವ ಮೊದಲೇ ಮುಚ್ಚಿದ ಸೀಸೆಯಾಗಿರಬೇಕು; ಆಗ ಯಾರೂ ಅದರೊಳಗೆ ಕೈಯಾಡಿಸಿರಲಾರರು. ಕಣ್ಣಿಗೆ ಕಾಣದ ವೈನಿಗೆ ದುಡ್ಡು ಕೊಟ್ಟ ಹೆಂಗಸಿನ ಸೀಸೆ ಎಂದರೆ ನಮಗೆ ನಂಬಿಕೆಯೇ. ಅವನ್ನು ನಮ್ಮ ಹಿರಿಯರು ದೇವರ ಜಗಲಿಯ ಮೇಲೆ ನೆಟ್ಟಗೆ ನಿಲ್ಲಿಸಿ ಕುತ್ತಿಗೆಗೆ ಅರಗು ಮೆತ್ತಿದರು. ಅಡ್ಡ ಮಲಗಿಸಬೇಕೆಂದು ಯಾರೋ ಹೇಳಿದ್ದಕ್ಕೆ ನನ್ನ ಅಜ್ಜಿ, "ಮಲಗ್ಸೂದು ಹೆಣಾನ. ಹಿರ್‍ಯಾರ್ನ ಯಾರರ ಮಲಗಸ್ತಾರೇನು?" ಎಂದು ಬಾಯಿ ಮುಚ್ಚಿಸಿದಳಂತೆ. ನಿಂತೇ ಇದ್ದ ಸೀಸೆಯಲ್ಲಿ ವೈನ್ ತಾಗದೆ ಕಾರ್ಕ್ ಒಣಗಿ ಕುಗ್ಗಿತು, ಗಾಳಿ ಒಳಹೊಕ್ಕಿತು. ಹೊರಗೆ ಥಳಕು, ಒಳಗೆ ಹುಳುಕು.

ಹನ್ನೆರಡು ವರ್ಷದ ಹಿಂದೆ ಐದನೆಯದನ್ನು ತೆರೆದೆವು. ನನ್ನ ತಮ್ಮ ಈರಸಂಗ ಸುರಿದ. ಕೆಳದಂಡೆಯ ಬಾಪುಗೌಡ ಒಂದು ಗುಟುಕು ಕುಡಿದು ಉಗುಳಿ, "ವಿಷಾ ಹಾಕ್ಯಾರ" ಎಂದ. ಬರೀ ಹುಳಿಯಾಗಿತ್ತು, ಆಯಿ. ಹೇಳಲು ಬಿಡುವೇ ಇರಲಿಲ್ಲ. ಅವನ ಮಗ ಕುಡುಗೋಲಿನಿಂದ ಈರಸಂಗನ ಹೊಟ್ಟೆ ಸೀಳಿದ. ಕರುಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅವನು ನನ್ನ ಮೇಲೇ ಬಿದ್ದ. ನಾನು ಆ ಸೀಸೆಯನ್ನೇ ಕಲ್ಲಿಗೆ ಒಡೆದು, ಚೂಪು ತುದಿಯನ್ನು ಆ ಹುಡುಗನ ಗಂಟಲಿಗೆ ಹಾಕಿ ತಿರುವಿದೆ. ರೊಟ್ಟಿ ಆರುವ ಮೊದಲು ಹನ್ನೊಂದು ಹೆಣ ಬಿದ್ದವು. ಬಾಪುಗೌಡನನ್ನು ನಮ್ಮವರು ಕಲ್ಲಿನಿಂದ ಜಜ್ಜಿದರು. ಅವನು ಮಾತ್ರ ವಿಷದಿಂದಲೇ ಸಾಯುತ್ತಿದ್ದೇನೆಂದು ಕೊನೆಯವರೆಗೂ ಕೂಗುತ್ತಿದ್ದ. ಆ ಹುಡುಗನಿಗೆ ಹತ್ತೊಂಬತ್ತು ವರ್ಷವೆಂದು ಆಮೇಲೆ ತಿಳಿಯಿತು. ನನಗೆ ಈಗಲೂ ಅವನ ಮೇಲೆ ಸಿಟ್ಟಿದೆ, ನನ್ನ ಮೇಲೂ ಇದೆ, ನಿಜ ಹೇಳಬೇಕೆಂದರೆ ನಿಮ್ಮ ಮೇಲೂ ಇದೆ.

ಅಂದಿನಿಂದ ಎರಡು ದಂಡೆಯವರೂ ಒಬ್ಬರನ್ನೊಬ್ಬರು ಕಡಿಯುತ್ತಲೇ ಇದ್ದೇವೆ. ಈಗ ಇಬ್ಬರೂ ಸೋತು, ಮತ್ತೆ ಕೂರಲು ಒಪ್ಪಿದ್ದೇವೆ. ಇನ್ನು ಎಂಟು ದಿನಕ್ಕೆ ಆರನೆಯ ಸೀಸೆ ತೆರೆಯುತ್ತೇವೆ. ಹುಳಿಯಾಗಿದ್ದರೂ ಇರಬಹುದು ಎಂದು ಮೊದಲೇ ಹೇಳೋಣವೆಂದರೆ, "ಹಂಗಾರ ವಿಷಾ ಹಾಕೀರಿ" ಎನ್ನುತ್ತಾರೆ. ಈಗ ಅಡ್ಡ ಮಲಗಿಸಿ ಫಲವಿಲ್ಲ. ಹಿಂದಿನ ಸಲ ಸುರಿದವರ ಮನೆಯವರೇ ಮತ್ತೆ ಸುರಿಯಬೇಕೆಂಬುದು ನಮ್ಮ ಪದ್ಧತಿ, ಆದ್ದರಿಂದ ನನ್ನ ಮಗಳು ಹೊನ್ನವ್ವ ಸುರಿಯುತ್ತಾಳೆ. ಅವಳಿಗೂ ಹತ್ತೊಂಬತ್ತು. ಮೊದಲ ಏಟು ಯಾವಾಗಲೂ ಸುರಿಯುವವರಿಗೇ ಬೀಳುತ್ತದೆ.

ಅರಗಿನ ಕೆಳಗೆ ಕಾರ್ಕ್ ಇದೆಯೋ ಲೋಹದ ಮುಚ್ಚಳ ಇದೆಯೋ ನನಗೆ ಕಾಣುವುದಿಲ್ಲ. ಸಭೆಯ ಮೊದಲು ಅರಗು ಮುಟ್ಟಿದರೆ ಸೀಸೆ ಮೈಲಿಗೆ. ಐದು ಸಾಲುಗಳಲ್ಲಿ ನಿಮ್ಮ ಗತ್ತು ಇಟ್ಟುಕೊಳ್ಳಿ, ಆಯಿ. ಅತಿಥಿಗಳ ಮುಂದೆ ಟಪ್ಪೆಂದು ತೆಗೆದು ಖುಷಿಪಡಿ. ಆರನೆಯ ಸಾಲಿನಲ್ಲಿ ಮಾತ್ರ ಲೋಹದ ಮುಚ್ಚಳಕ್ಕೆ ಗುರುತು ಹಾಕಿ. ಹೊನ್ನವ್ವ ಕೈ ನಡುಗಬಾರದೆಂದು ದಿನವೂ ನೀರು ಸುರಿದು ಅಭ್ಯಾಸ ಮಾಡುತ್ತಿದ್ದಾಳೆ.

ನಿಮ್ಮ ಮೊಮ್ಮಗಳ ಮೊಮ್ಮಗಳು,
ದಾನಮ್ಮ