ಮುಚ್ಚುಹೊತ್ತಿನಲ್ಲಿ ನೀಲಾಳ ನಿದ್ದೆ

ಫೆಬ್ರವರಿ ೩೦, ೨೨೧೮
ಮೂರನೇ ಹಳ್ಳ, ಶಹಾಬಾದ್ ಕೆಳಊರು
ಮಧ್ಯಾಹ್ನ ಹನ್ನೆರಡು ಗಂಟೆ ಇಪ್ಪತ್ತು ನಿಮಿಷ

ಹಿಂದಿನ ಕಾಲದಲ್ಲಿ ಅವಳಿ ಮಕ್ಕಳನ್ನು ಹೆತ್ತ ತಾಯಂದಿರಿಗೆ,

ಜಗದೇವಿಯ ನಮಸ್ಕಾರ. ಮೇಲಿನ ತಾರೀಖು ಕೈತಪ್ಪಿ ಬರೆದದ್ದಲ್ಲ. ನಿಮ್ಮ ಫೆಬ್ರವರಿಗೆ ಮೂವತ್ತನೆಯ ದಿನ ಇರಲಿಲ್ಲವೆಂದು ನನಗೆ ಗೊತ್ತು. ನಮ್ಮ ಮುತ್ತಜ್ಜಂದಿರು ತಿಂಗಳುಗಳನ್ನೆಲ್ಲ ಸರಿಸಮ ಮಾಡಿದಾಗ ಅದಕ್ಕೂ ಪಾಲು ಸಿಕ್ಕಿತು. ಕಾಲೇಜಿನಲ್ಲಿ ನಾನು ಓದಿದ್ದು ನಿಮ್ಮ ಕಾಲದ ಕನ್ನಡವನ್ನೇ. ಆದರೂ ನನ್ನ ಕೆಲವು ಮಾತು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಕ್ಷಮಿಸಿ. ಸಾಲು ಸೊಟ್ಟಗಾದರೆ ಅದನ್ನೂ ಕ್ಷಮಿಸಿ. ಎರಡು ಗಂಟೆಗೆ ನನ್ನ ಮಗಳು ನೀಲಾಳನ್ನು ಎಬ್ಬಿಸಿ ಹಾಲು ಕುಡಿಸಬೇಕು. ಅಲ್ಲಿಯವರೆಗೆ ನಾನು ಕಣ್ಣು ಮುಚ್ಚಬಾರದು. ಕೂತರೆ ಜೋಂಪು ಹತ್ತುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ನಾವಿರುವುದು ನಿಮ್ಮವರು ಹಾಸುಗಲ್ಲು ತೆಗೆದು ಬಿಟ್ಟುಹೋದ ಗಣಿಯ ಹಳ್ಳದಲ್ಲಿ. ನಿಮ್ಮ ಮನೆಗಳ ನೆಲಕ್ಕೆ ಹೋದ ಕಲ್ಲು ಇಲ್ಲಿಯದೇ. ಅದು ಬಿಟ್ಟ ಜಾಗದಲ್ಲಿ ನಮ್ಮ ಹದಿನಾಲ್ಕು ಮನೆಗಳಿವೆ. ಹಗಲು ಮೇಲೆ ನಿಲ್ಲುವ ಹಾಗಿಲ್ಲ, ಅಂಥ ಬಿಸಿಲು. ಬೆಳಿಗ್ಗೆ ಎಂಟಕ್ಕೆ ಹಳ್ಳದ ಚಾವಣಿಯನ್ನು ಎಳೆದು ಮುಚ್ಚುತ್ತಾರೆ, ಸಂಜೆ ಆರಕ್ಕೆ ತೆರೆಯುತ್ತಾರೆ. ಈ ಹತ್ತು ಗಂಟೆಗೆ ಮುಚ್ಚುಹೊತ್ತು ಎನ್ನುತ್ತೇವೆ. ಊರು ಮಲಗುವುದು ಆಗ. ಹೊಲ, ಶಾಲೆ, ಸಂತೆ, ಕಚೇರಿ ಎಲ್ಲ ಸೂರ್ಯ ಇಳಿದ ಮೇಲೆ. ಮಕ್ಕಳು ರಾತ್ರಿಯಿಡೀ ಮಲಗಲೆಂದು ನೀವು ಹಂಬಲಿಸಿದ ಹಾಗೆಯೇ ನಾವು ಮುಚ್ಚುಹೊತ್ತಿಡೀ ಮಲಗಲೆಂದು ಹಂಬಲಿಸುತ್ತೇವೆ. ನಮ್ಮದು ಇನ್ನೂ ಬಿಗಿ. ಕಲ್ಲಿನ ಹಳ್ಳದಲ್ಲಿ ಒಂದು ಮೂಲೆಯಲ್ಲಿ ಚಮಚ ಬಿದ್ದರೆ ಹದಿನಾಲ್ಕು ಮನೆಯವರೂ ಮಗ್ಗುಲು ಬದಲಿಸುತ್ತಾರೆ. ಸದ್ದು ಮಾಡಿದವರ ಗೋಡೆಯನ್ನು ಪಕ್ಕದವರು ಎರಡು ಸಲ ತಟ್ಟುತ್ತಾರೆ. ಜಗಳ ಮಾಡುವುದಿಲ್ಲ, ತಟ್ಟುತ್ತಾರೆ ಅಷ್ಟೇ. ಬಾಣಂತಿಗೆ ಆ ಎರಡು ತಟ್ಟು ಎದೆಗೇ ಬೀಳುತ್ತವೆ.

ಹೀಗಾಗಿ ಮಗು ಮೊದಲ ಸಲ ಇಡೀ ಮುಚ್ಚುಹೊತ್ತು ಅಳದೆ ಮಲಗಿದರೆ ನಮ್ಮಲ್ಲಿ ಅದೊಂದು ಹಬ್ಬ. ಚಾವಣಿ ತೆರೆದ ಕೂಡಲೇ ಹಳ್ಳದವರೆಲ್ಲ ಕೊಬ್ಬರಿ ಬೆಲ್ಲ ತಂದು ಮಗುವಿನ ಕಾಲಿಗೆ ಗೆಜ್ಜೆ ಕಟ್ಟುತ್ತಾರೆ. ಇದು ನಿದ್ದೆಗೆಜ್ಜೆ. ಸಾಮಾನ್ಯವಾಗಿ ಐದಾರು ತಿಂಗಳಿಗೆ ಬರುತ್ತದೆ, ಕೆಲವರಿಗೆ ವರ್ಷವಾದರೂ ಇಲ್ಲ.

ನೀಲಾಳಿಗೆ ಹತ್ತೊಂಬತ್ತನೆಯ ದಿನಕ್ಕೇ ಕಟ್ಟಿದರು.

ಅವಳೂ ಸಂಗಣ್ಣನೂ ಹತ್ತು ನಿಮಿಷದ ಅಂತರದಲ್ಲಿ ಹುಟ್ಟಿದವರು. ಅವನು ಹುಟ್ಟಿದ್ದೇ ಕೂಗುತ್ತ. ಮುಚ್ಚುಹೊತ್ತಿನಲ್ಲಿ ಗಂಟೆಗೊಮ್ಮೆ ಏಳುತ್ತಿದ್ದ. ಮೇಲಿನ ಮನೆಯ ಗುಂಡೇರಾಯರು ಒಂದು ಸಂಜೆ ಇಳಿದು ಬಂದು, "ಜಗದೇವಿ, ನಿನ್ನ ಮಗಂದು ಗಂಟಲೋ, ತಾಸಿಗೊಮ್ಮೆ ಒದರೋ ಗಿರಣಿ ಭೋಂಗಾನೋ? ನಮ್ಮನ್ಯಾಗ ಗಡಿಯಾರ ಬ್ಯಾಡಾಗ್ಯದ ನೋಡು" ಎಂದರು. ನಕ್ಕೇ ಅಂದರು, ನನಗೆ ಅಳು ಬಂತು. ನೀಲಾ ಮಾತ್ರ ಕಣ್ಣು ಮುಚ್ಚಿದರೆ ಮುಚ್ಚಿದ್ದೇ. ನಮ್ಮ ಅತ್ತೆ ಕಾಶೀಬಾಯಿಗೆ ಅವಳೆಂದರೆ ಹಿಗ್ಗು. "ಒಂದೇ ಹೊಟ್ಟ್ಯಾಗಿಂದ ಬಂದಾವ ಖರೆ, ಒಂದು ತಹಶೀಲ್ದಾರ, ಒಂದು ಸನ್ಯಾಸಿ" ಎನ್ನುತ್ತಿದ್ದರು.

ಹಾಲಿಗೆ ನಾನು ಹಿಡಿದದ್ದು ಹಳ್ಳದ ವಾಡಿಕೆ: ಮುಚ್ಚುಹೊತ್ತಿನಲ್ಲಿ ಅತ್ತ ಮಗುವಿಗೆ ಕೊಡು, ಮಲಗಿದ ಮಗುವನ್ನು ಮುಟ್ಟಬೇಡ. ಒಂದೇ ಮಗುವಿದ್ದವರಿಗೆ ಅದು ನಡೆದೀತು. ಯಾರಿಗೆ ಎಷ್ಟು ಸಲ ಕೊಟ್ಟೆನೆಂದು ನಿದ್ದೆಗಣ್ಣಿನಲ್ಲಿ ಮರೆಯುತ್ತಿದ್ದೆ, ಅದಕ್ಕೆ ಗೋಡೆಯ ಕಲ್ಲಿನ ಮೇಲೆ ಸುಣ್ಣದ ಕಡ್ಡಿಯಿಂದ ಗೆರೆ ಎಳೆಯುತ್ತಿದ್ದೆ. ಒಂದು ದಿನ ಬಲಕ್ಕೆ ಸಂಗಣ್ಣನವು ಹನ್ನೊಂದು, ಎಡಕ್ಕೆ ನೀಲಾಳವು ನಾಲ್ಕು. ಮರುದಿನ ಹನ್ನೆರಡು, ಮೂರು. ಬಿ.ಎ. ಓದಿದವಳು ನಾನು. ಎಣಿಸಲು ಬರುತ್ತಿತ್ತು. ಎಡಗಡೆಯ ಗೆರೆ ಕಡಿಮೆಯಾದಷ್ಟೂ ಮಗಳು ಜಾಣೆ ಎಂದುಕೊಂಡೆ. ಗೆಜ್ಜೆ ಕಟ್ಟುವಾಗ ಅವಳು ಕಾಲು ಜಗ್ಗಲಿಲ್ಲ. ಬಂದ ಹೆಂಗಸರು, "ಎಷ್ಟು ಶಾಣ್ಯಾ ಕೂಸವ್ವಾ" ಎಂದರು. ನನಗೂ ಹಿಗ್ಗಾಯಿತು. ಅದನ್ನು ಬರೆಯಲು ನಾಚಿಕೆ, ಆದರೆ ಹಿಗ್ಗಿದ್ದು ನಿಜ.

ಇಪ್ಪತ್ತೊಂದನೆಯ ದಿನ ಮಧ್ಯಾಹ್ನ ಮೂರರ ಸುಮಾರಿಗೆ ಸಂಗಣ್ಣನ ಬಟ್ಟೆ ಬದಲಿಸುತ್ತಿದ್ದೆ. ಆ ಹಗಲು ಅವನಿಗೆ ಅದು ಐದನೆಯದು. ಸುಮ್ಮನೆ ಇವಳದೂ ಮುಟ್ಟಿ ನೋಡಿದೆ. ಒಣಗಿತ್ತು. ಬೆಳಿಗ್ಗೆ ಏಳಕ್ಕೆ ಕಟ್ಟಿದ ಬಟ್ಟೆ, ಮಡಿಕೆಯೂ ಮುರಿಯದ ಹಾಗಿತ್ತು. ಬಾಯೊಳಗೆ ಬೆರಳಿಟ್ಟೆ. ನಾಲಿಗೆ ಅಂಟಂಟು. ಹೆಸರು ಹಿಡಿದು ಕರೆದೆ, ಮೊದಲು ಪಿಸುಮಾತಿನಲ್ಲಿ, ಆಮೇಲೆ ಜೋರಾಗಿ. ಪಕ್ಕದವರು ಗೋಡೆಯನ್ನು ಎರಡು ಸಲ ತಟ್ಟಿದರು.

"ಏ, ಮಲಗಿದ ಕೂಸಿಗಿ ಯಾಕ ಕಾಡ್ಲಾಕತ್ತಿ?" ಎಂದು ಅತ್ತೆ ಒಳಗಿನಿಂದ ಗದರಿದರು.

"ಅತ್ತಿ, ಇದು ನಿದ್ದಿ ಅಲ್ಲ," ಎಂದೆ. ಅವರು ಎದ್ದು ಬಂದು ಮಗುವಿನ ಪಾದ ಹಿಡಿದು ನೋಡಿದರು. ನನ್ನ ಗಂಡ ಭೀಮಾಶಂಕರನನ್ನು ಎಬ್ಬಿಸಿ, ಹಳ್ಳಗಳ ನಡುವಿನ ಸುರಂಗದಲ್ಲಿ ದಾದಿಯನ್ನು ಕರೆತರಲು ಅಟ್ಟಿದರು. ನಾನು ಎದೆಗೆ ಹಚ್ಚಿದೆ, ಅವಳು ಬಾಯಿ ತೆರೆಯಲಿಲ್ಲ. ಬಟ್ಟೆ ಬಿಚ್ಚಿದೆ, ಒದ್ದೆ ಅರಿವೆಯಿಂದ ಅಂಗಾಲು ತಿಕ್ಕಿದೆ. ಹಾಲು ಹಿಂಡಿ ಒಳಲೆಗೆ ಹಾಕಿ ತುಟಿಯ ಮೂಲೆಯಿಂದ ಹನಿಹನಿ ಬಿಟ್ಟೆ. ಎರಡು ಹನಿ ಹೊರಗೆ ಹರಿದವು. ಮೂರನೆಯದಕ್ಕೆ ಗಂಟಲು ಅಲುಗಿತು. ಅವಳು ಅಳಲಿ, ಹಳ್ಳಕ್ಕೆ ಹಳ್ಳವೇ ಎದ್ದು ಕೂರಲಿ ಎಂದು ಬೇಡಿಕೊಂಡೆ. ಅಳಲಿಲ್ಲ, ನುಂಗಿದಳು ಅಷ್ಟೇ.

ದಾದಿ ಸುಗಲಾಬಾಯಿ ಬಂದು ತೂಗಿದರು. ಹುಟ್ಟಿದ ತೂಕಕ್ಕಿಂತ ಮುನ್ನೂರು ಗ್ರಾಂ ಕಡಿಮೆ. ಕಾಲಿನ ಗೆಜ್ಜೆ ನೋಡಿ ಅವರ ಮುಖ ಕೆಂಪಾಯಿತು. "ಇದಕ್ಕ ಅಳ್ಲಾಕ ಶಕ್ತಿ ಇಲ್ಲ, ನೀವು ಬೆಲ್ಲ ಹಂಚೀರಿ" ಎಂದರು. ಎಲ್ಲರಿಗೂ ಕೇಳುವ ಹಾಗೆಯೇ ಅಂದರು. ಆ ಸಂಜೆ ಕಲಬುರಗಿಯ ದವಾಖಾನೆಗೆ ಒಯ್ದೆವು. ರಕ್ತ ನೋಡಿದರು, ಕೈಗೆ ಸೂಜಿ ಚುಚ್ಚಿ ಎರಡು ದಿನ ಇಟ್ಟುಕೊಂಡರು. ಬೇರೆ ರೋಗ ಇಲ್ಲ, ಹಸಿವು ಎಂದರು. ಹಸಿದದ್ದಕ್ಕೆ ನಿದ್ದೆ, ನಿದ್ದೆ ಮಾಡಿದ್ದಕ್ಕೆ ಇನ್ನಷ್ಟು ಹಸಿವು. ಮನೆಗೆ ಬಂದ ಮೇಲೆ ಸುಗಲಾಬಾಯಿ ಹೇಳಿದ್ದು ಇಷ್ಟು: "ಹಗಲು ರಾತ್ರಿ ಎರಡೆರಡು ತಾಸಿಗಿ ಎಬ್ಬಿಸಬೇಕು. ತಾನೇ ಎದ್ದು ಹಾಲು ಕೇಳೋ ತನಾ ನಾ ನಂಬಂಗಿಲ್ಲ. ನೀನೂ ನಂಬಬ್ಯಾಡ."

ಇವತ್ತಿಗೆ ಅದಾಗಿ ನಾಲ್ಕನೆಯ ದಿನ. ಎಬ್ಬಿಸಿದರೆ ಕುಡಿಯುತ್ತಾಳೆ. ಬಿಟ್ಟರೆ ಮತ್ತೆ ಮುಳುಗುತ್ತಾಳೆ. ಸಂಜೆ ಆರಕ್ಕೆ ತೂಕ ನೋಡುತ್ತಾರೆ. ಏರದಿದ್ದರೆ ಮತ್ತೆ ದವಾಖಾನೆ. ಅವಳ ಎದೆ ಏರಿಳಿಯುವುದನ್ನು ನೋಡಿ ಒಂದು ಸಾಲು ಬರೆಯುತ್ತೇನೆ, ಮತ್ತೆ ನೋಡುತ್ತೇನೆ.

ಕಾಲೇಜಿನಲ್ಲಿ ನಿಮ್ಮ ಕಾಲದ ತಾಯಂದಿರ ಬರಹಗಳ ಒಂದು ದೊಡ್ಡ ಕಟ್ಟು ಓದಿದ್ದೆ. ಇಬ್ಬರಿಗೂ ಒಂದೇ ಹೊತ್ತಿಗೆ ಹಾಲು ಕೊಡಬೇಕೋ, ಒಬ್ಬರಾದ ಮೇಲೆ ಒಬ್ಬರಿಗೋ. ದೀಪ ಎಷ್ಟು ಸಣ್ಣದು ಮಾಡಬೇಕು. ಎಷ್ಟನೆಯ ತಿಂಗಳಿಗೆ ರಾತ್ರಿಯಿಡೀ ಮಲಗುತ್ತಾರೆ. ಪುಟಗಟ್ಟಲೆ ಅದೇ ಪ್ರಶ್ನೆ. ಆಗ ಗೆಳತಿಯರ ಜೊತೆ ಸೇರಿ ನಕ್ಕಿದ್ದೆ. ಇಂದು ನಿಮ್ಮ ಸುಸ್ತು ನನ್ನ ಬೆನ್ನಲ್ಲಿದೆ, ನಗು ಬರುವುದಿಲ್ಲ. ಮಲಗಿಸುವುದು ಹೇಗೆಂದು ಕೇಳಿ, ತಪ್ಪಿಲ್ಲ. ನನ್ನದೊಂದೇ ಬೇಡಿಕೆ. ಹುಟ್ಟಿ ಕೆಲವೇ ವಾರಗಳಾದ ಅವಳಿಗಳಲ್ಲಿ ಒಂದು ಬಹಳ ಒಳ್ಳೆಯ ಕೂಸಾಗಿದ್ದರೆ, ನೆರೆಯವರು ಹೊಗಳುತ್ತಿದ್ದರೆ, ಆ ಮಗುವಿನ ಬಟ್ಟೆ ಮುಟ್ಟಿ ನೋಡಿ. ಒಣಗಿದ್ದರೆ ಎಬ್ಬಿಸಿ. ಕುಡಿಯದಿದ್ದರೆ ಎತ್ತಿಕೊಂಡು ಓಡಿ. ಗೋಡೆ ತಟ್ಟುವವರು ತಟ್ಟಲಿ. ಕೂಗುವ ಮಗುವಿಗೆ ಹೇಗೂ

ವಾಕ್ಯ ಅರ್ಧಕ್ಕೆ ಬಿಟ್ಟೆ. ಈಗ ಗಂಟೆ ಒಂದೂ ಮುಕ್ಕಾಲು. ಅಳು ಕೇಳಿ ಸಂಗಣ್ಣನೆಂದು ಅವನ ಕಡೆ ಬಾಗಿದೆ. ಅವನು ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದಾನೆ. ಅಳುತ್ತಿರುವುದು ನೀಲಾ. ನಾನು ಮುಟ್ಟಿಲ್ಲ, ಕರೆದಿಲ್ಲ. ತಾನೇ ಎದ್ದು, ಮುಷ್ಟಿ ಬಾಯಿಗಿಟ್ಟುಕೊಂಡು, ಹಾಲು ಕೇಳುತ್ತಿದ್ದಾಳೆ. ಮೇಲಿನಿಂದ ಗುಂಡೇರಾಯರು ನಿದ್ದೆಗಣ್ಣಿನಲ್ಲೇ, "ಯಾವುದದು?" ಎಂದು ಕೂಗಿದರು. ಅತ್ತೆ ಹಾಸಿಗೆಯಿಂದಲೇ, "ಹುಡುಗಿ ರೀ! ನಮ್ಮ ಹುಡುಗಿ!" ಎಂದು ಹಳ್ಳಕ್ಕೆಲ್ಲ ಕೇಳುವಂತೆ ಒದರಿದರು. ಯಾರೂ ಗೋಡೆ ತಟ್ಟಲಿಲ್ಲ.

ಇನ್ನು ಬರೆಯಲಾರೆ. ಹೋಗಿ ಕೊಡಬೇಕು.

ಜಗದೇವಿ