ಸಿವೇಮಾ, ನೀರು

ತೆಮೆಕೆ, ದಾರ್ ಎಸ್ ಸಲಾಮ್
ಗುರುವಾರ, 10 ಮೇ 2012

ನನ್ನ ಶೆಮೇಜಿ, ಅತ್ತಿಗೆ ಸಿವೇಮಾಗೆ,

ನೀನು ಕ್ಷೇಮವೆಂದು ನಿನ್ನ ತಮ್ಮ ಕೊಂಡೊ ಹೇಳಿದ. ಮೊಣಕಾಲಿನ ಊತ ಇಳಿದಿದೆಯಂತೆ, ಮಗಳು ಜೇನಾ ಮತ್ತೆ ಶಾಲೆಗೆ ಹೋಗುತ್ತಿದ್ದಾಳಂತೆ. ಇಲ್ಲಿ ಮಳೆ ಹಿಡಿದು ಮೂರು ವಾರವಾಯಿತು. ರಸ್ತೆಯ ನೀರು ಹೊಸ್ತಿಲ ತನಕ ಬಂದು, ಒಳಗೆ ಬರಲೋ ಬೇಡವೋ ಎಂದು ಯೋಚಿಸುತ್ತಾ ನಿಂತಿದೆ. ನಾಲ್ಕು ತಿಂಗಳಿಂದ ನಾನೂ ಹಾಗೆಯೇ ನಿಂತಿದ್ದೇನೆ. ತಡವಾಗಿ ಬರೆಯುತ್ತಿರುವುದಕ್ಕೆ ಕ್ಷಮಿಸು. ಪುರಸೊತ್ತಿರಲಿಲ್ಲ ಎಂದು ಬರೆದರೆ ನೀನು ನಂಬುವುದಿಲ್ಲ. ಪುರಸೊತ್ತೇ ಇತ್ತು.

ಗಂಡ ಹೋದ ಮೇಲೆ ನಾಲ್ಕು ತಿಂಗಳು ಹತ್ತು ದಿನ, ನೀನು ಬಿಳಿ ಉಟ್ಟು ಒಳಗೆ ಕೂತಿರುವಷ್ಟು ದಿನ, ಹೊರಗಿನ ಗಂಡಸು ನಿನ್ನ ಎದುರಿಗೆ ಬರುವಂತಿಲ್ಲ. ಆ ನಿಯಮ ಇಷ್ಟು ದಿನ ನನಗೆ ಅನುಕೂಲವಾಗಿಯೇ ಇತ್ತು. ಭಾನುವಾರ ನಿನ್ನ ಅವಧಿ ಮುಗಿಯುತ್ತದೆ. ಅಷ್ಟರೊಳಗೆ ಈ ಕಾಗದ ನಿನ್ನ ಕೈ ಸೇರಬೇಕು.

ಮೊನ್ನೆ ಕೊಂಡೊ ಬಂದಿದ್ದ. ಕಾಫಿ ಬೇಡವೆಂದ. ಬಾಗಿಲಲ್ಲೇ ನಿಂತು, "ಅಕ್ಕ ಒಂದೇ ಮಾತು ಕೇಳ್ಕೊಂಡು ಬಾ ಅಂದವ್ಳೆ. ಬಾವನ ಸಾವಿನ ಚಪ್ಪರದಲ್ಲಿ ಮಾಡ್ದಲ್ಲ, ಆ ದನಿ ನೀನು ಎಲ್ಲಿ ಕೇಳ್ದೆ? ಬಾವ ಯಾವತ್ತೂ ಅಕ್ಕನ್ನ ಹೆಸರು ಹಿಡಿದು ಕರೆದೋರಲ್ಲ. ಜನದ ಮುಂದೆ ಜೇನಾನಮ್ಮ, ಒಬ್ರೇ ಇದ್ರೂ ಜೇನಾನಮ್ಮ. ಹೊಸದಾಗಿ ಮದುವೆ ಆದಾಗ ಒಂದೆರಡು ವರ್ಷ ಸಿವೇಮಾ ಅಂತಿದ್ರಂತೆ, ಅಷ್ಟೇ. ಅದು ನಿಂಗೆಲ್ಲಿ ಸಿಕ್ತು?" ಎಂದ.

"ಕೂತ್ಕೊಳಯ್ಯಾ," ಎಂದೆ.

"ಕೂರಕ್ಕೆ ಬಂದಿಲ್ಲ, ಉತ್ತರ ತಗೊಂಡು ಹೋಗಕ್ಕೆ ಬಂದೆ."

ಬರೆದು ಕಳಿಸುತ್ತೇನೆ ಎಂದೆ. "ಬಾಯಲ್ಲೇ ಹೊಟ್ಟೆ ಹೊರೆಯೋನು ಬರೆದು ಕಳಿಸ್ತಾನಂತೆ," ಎಂದು ಬೀದಿಗೆ ಕೇಳುವಂತೆ ಹೇಳಿ ಹೋದ.

ಉತ್ತರ ಒಂದು ಸಾಲಿನದು. ಒಂದು ಸಾಲನ್ನು ಒಂದೇ ಸಾಲಾಗಿ ಹೇಳುವ ಅಭ್ಯಾಸ ನನಗೆ ತಪ್ಪಿಹೋಗಿದೆ. ಇಪ್ಪತ್ತೆರಡು ವರ್ಷ ನಾನು ಬಾಯಿ ತೆರೆದಾಗಲೆಲ್ಲ ನಿನ್ನ ಗಂಡ ಶೊಮಾರಿ ಕೆನ್ನೆಗೆ ಹೊಡೆಯುತ್ತಿದ್ದ. ಅರ್ಧ ಮಾತಿಗೆ ಏಟು ಬೀಳುತ್ತದೆ ಎಂದು ಗೊತ್ತಿದ್ದವನು ಮಾತನ್ನು ಸುತ್ತಿ ಬಳಸಿ ತರುತ್ತಾನೆ.

ನಿನ್ನ ಗಂಡನನ್ನು ನಾನು ಮೊದಲು ಕಂಡದ್ದು ನನ್ನ ಅಪ್ಪ ಸತ್ತ ದಿನ, ಬುಗುರುನಿಯಲ್ಲಿ. ನಾವು ನ್ಯಾಮ್ವೇಜಿಗಳು, ನೀವು ಝರಾಮೊಗಳು. ಎರಡು ಕುಲಗಳಿಗೂ ಅಜ್ಜಂದಿರ ಕಾಲದಿಂದ ಬಂದ ಗೇಲಿಯ ನಂಟು. ನಮ್ಮ ಸಾವಿಗೆ ನೀವು ಬಂದು ಸತ್ತವನ ನಕಲು ಮಾಡಿ ನಗಿಸಬೇಕು, ನಿಮ್ಮ ಸಾವಿಗೆ ನಾವು ಬರಬೇಕು. ಗೇಲಿನಂಟ ಏನೇ ಅಂದರೂ ಸಿಟ್ಟು ಮಾಡುವಂತಿಲ್ಲ. ಶೊಮಾರಿ ನನ್ನ ಅಪ್ಪನ ಕೋಟನ್ನು ಹಾಕಿಕೊಂಡು ಬಂದ. ಅಪ್ಪ ಬಾಡಿಗೆದಾರರಿಗೆ ತೆಂಗಿನ ಚಿಪ್ಪಿನಲ್ಲಿ ನೀರು ಅಳೆದು ಕೊಡುತ್ತಿದ್ದವನು. ಯಾರು ಹೇಳಿದ್ದರೋ, ಶೊಮಾರಿ ಕೈಯಲ್ಲೊಂದು ಚಿಪ್ಪು ಹಿಡಿದು ಗುಂಡಿಯ ಅಂಚಿನಲ್ಲಿ ನಿಂತು, ಬಾರದ ಸೀನನ್ನು ತಡೆದವನ ಹಾಗೆ ಮೂಗೆತ್ತಿ, "ಯಾರೋ ಅದು ತೋಡ್ತಿರೋದು? ಅಷ್ಟು ಆಳ ಯಾಕೋ? ಆಳ ಹೋದಷ್ಟೂ ಬಾಡಿಗೆ ಜಾಸ್ತಿ ಕಣ್ರೋ," ಎಂದ. ತೋಡುವವರು ಗುದ್ದಲಿ ಬಿಟ್ಟು ಕೂತು ನಕ್ಕರು. ನಾನೂ ನಕ್ಕೆ. ಹೆಣ ಮಣ್ಣಿಗೆ ಇಳಿಯುವ ಮೊದಲೇ ಅಪ್ಪ ಅವನ ಕೈಗೆ ಹೋಗಿಬಿಟ್ಟಿದ್ದ. ಸಂಜೆ ನನ್ನ ಪಕ್ಕ ಕೂತು ಉಗಾಲಿ ಮುದ್ದೆ ಮುರಿಯುತ್ತಾ ಕೇಳಿದ. "ನಿಮ್ಮಪ್ಪ ಚೆನ್ನಾಗವ್ನೆ ಕಣಯ್ಯಾ. ನಂಗೆ ಕೊಟ್ಬಿಡು."

ಕೊಟ್ಟೆ. ಅಪ್ಪನೇ ಶೊಮಾರಿ ಆಡುವ ಕಿಫೂ ತಾತನಾದ, ಕಿಫೂ ಎಂದರೆ ಚಿಪ್ಪು. ಬಾರ್‌ಗಳ ಅಂಗಳದಲ್ಲಿ, ಆಮೇಲೆ ವಿಡಿಯೊ ಕ್ಯಾಸೆಟ್ಟುಗಳಲ್ಲಿ, ಟೀವಿ ಬಂದ ಮೇಲೆ ವಾರಕ್ಕೊಮ್ಮೆ. ಆಟದಲ್ಲಿ ನಾನು ತಾತನ ಮನೆಯ ಹಿಂಬದಿ ಕೋಣೆಯ ಬಾಡಿಗೆದಾರ, ನೀರು ಕದಿಯುವವನು, ಏಟು ತಿನ್ನುವವನು. ನನ್ನ ಅಪ್ಪನ ಕೈಯಲ್ಲಿ ಅಪ್ಪ ಬದುಕಿದ್ದಾಗ ತಿಂದದ್ದಕ್ಕಿಂತ ಹೆಚ್ಚು ಪೆಟ್ಟು ಅವನು ಸತ್ತ ಮೇಲೆ ತಿಂದೆ. ಕೈ ತಡೆದು ಹೊಡೆ ಎಂದು ಶೊಮಾರಿಯನ್ನು ಕೇಳಿಕೊಂಡಿದ್ದೆ. "ಸುಳ್ಳೇಟಿಗೆ ಸುಳ್ಳು ನಗು ಬರ್ತದೆ," ಎಂದಿದ್ದ. ಎಡಗಿವಿ ಹೋಯಿತೆಂದು ಡಾಕ್ಟರು ಹೇಳಿದ ದಿನ ಅವನ ಬಳಿ ಹೋಗಿ ಹೇಳಿದೆ. "ಒಳ್ಳೇದೇ ಆಯ್ತು ಬಿಡು. ಇನ್ಮೇಲೆ ಕರೆದಾಗ ನೀನು ತಿರುಗೋದು ಲೇಟಾಗ್ತದೆ. ಜನ ನಗ್ತಾರೆ," ಎಂದ. ನಕ್ಕರು.

ಇದನ್ನು ದೂರಾಗಿ ಬರೆಯುತ್ತಿಲ್ಲ. ಕೆಲಸ ಹೇಳಿಕೊಟ್ಟವನು ಅವನು. ನಮ್ಮ ತಂಡದಲ್ಲಿ ಯಾರಿಗೆ ಜ್ವರ ಬಂದರೂ ಮೊದಲು ಹೋಗಿ ಪಕ್ಕದಲ್ಲಿ ಕೂರುತ್ತಿದ್ದವನು ಶೊಮಾರಿ. ಎಷ್ಟು ಒಳ್ಳೆಯ ಮನುಷ್ಯ ಎಂದು ಅವರ ಹೆಂಡತಿಯರು ಅನ್ನುತ್ತಿದ್ದರು. ಹೊರಗೆ ಬಂದ ಮೇಲೆ ನನಗೆ ಹೇಳುತ್ತಿದ್ದ. "ಮುಖ ನೋಡ್ಬೇಡ. ಮುಖ ಎಲ್ರೂ ನೋಡ್ತಾರೆ. ದನಿ ಎಲ್ಲಿ ಮುರೀತದೆ ಅಂತ ಕೇಳು." ಡಾಲಾಡಾಲಾ ವ್ಯಾನು ಹತ್ತಿ ಮನೆ ಸೇರುವಷ್ಟರಲ್ಲಿ ಆ ರೋಗಿಯ ನರಳಾಟ ಅವನ ಗಂಟಲಲ್ಲಿ ಇಳಿದಿರುತ್ತಿತ್ತು. ಕಂಡಕ್ಟರು ಹೆದರಿ, ತಾತ ಇಳಿಯೋ ತನಕ ನಿಲ್ಸಿ ಎಂದು ಕೂಗುತ್ತಿದ್ದ. ನೀನು ಇದನ್ನೆಲ್ಲ ಕಂಡವಳಲ್ಲ. ನಿನಗೆ ಬರುತ್ತಿದ್ದವನು ಸುಸ್ತಾಗಿ ಮಾತು ಮುಗಿದುಹೋದ ಗಂಡಸು.

ಜನವರಿಯ ಆ ಶನಿವಾರಕ್ಕೆ, ಅವನ ಸಾವಿನ ಮರುದಿನಕ್ಕೆ ಬರುತ್ತೇನೆ. ನಿನ್ನ ಮನೆಯ ಮುಂದೆ ರಸ್ತೆಗಡ್ಡ ಚಪ್ಪರ ಹಾಕಿದ್ದರು. ಗಂಡಸರು ಚಾಪೆಯ ಮೇಲೆ, ನೀವೆಲ್ಲ ಒಳಗೆ. ಗೇಲಿನಂಟ ನಾನೇ ಎಂದು ಯಾರೂ ಹೇಳಬೇಕಿರಲಿಲ್ಲ. ಅವನ ಕೋಟು ಟೋಪಿ ಹಾಕಿಕೊಂಡು ಎದ್ದೆ. ಕಿಫೂ ತಾತನನ್ನು ಮಾಡಿದೆ. ಬಾರದ ಸೀನು ಮಾಡಿದೆ, ಚಿಪ್ಪು ಮಾಡಿದೆ. ಯಾರೂ ನಗಲಿಲ್ಲ. ಹಿಂದಿನಿಂದ ಒಬ್ಬ ಮುದುಕ, "ಅದನ್ನ ಟೀವೀಲಿ ನೋಡಿದೀವಿ ಕಣಯ್ಯಾ. ಸತ್ತೋನು ಯಾರು, ಕಿಫೂನಾ ಶೊಮಾರಿನಾ? ಸತ್ತೋನ್ನ ತೋರ್ಸು," ಎಂದ. "ಗೊತ್ತಿದ್ರೆ ತಾನೇ ತೋರ್ಸೋದು," ಎಂದ ಇನ್ನೊಬ್ಬ. ಅದಕ್ಕೆ ಎಲ್ಲರೂ ನಕ್ಕರು.

ನಿಜ ಹೇಳಬೇಕೆಂದರೆ ಅಲ್ಲಿ ನಿಂತು ಹುಡುಕಿದೆ. ಶೊಮಾರಿಯದೇ ಆದ ನಡಿಗೆ ಯಾವುದು? ಶೊಮಾರಿಯದೇ ಆದ ಕೆಮ್ಮು? ಎಲ್ಲ ಯಾರು ಯಾರದೋ. ಇಪ್ಪತ್ತೆರಡು ವರ್ಷದಲ್ಲಿ ನನ್ನ ಬಳಿ ಅವನದೆಂದು ಉಳಿದದ್ದು ಒಂದೇ ಒಂದು. ನಿನ್ನ ಕಿಟಕಿಯ ಕೆಳಗೆ ಹೋಗಿ ಅದನ್ನು ಮಾಡಿದೆ. "ಸಿವೇಮಾ... ನೀರು."

ಒಳಗಿನ ಅಳು ನಿಂತಿತು. ಆಮೇಲೆ ನಿನ್ನ ದನಿ ಬಂತು. "ಓ, ಬಂದೆ." ಮಡಕೆಯಲ್ಲಿ ಲೋಟ ಮುಳುಗಿಸಿದ ಸದ್ದೂ ಬಂತು.

ಚಪ್ಪರ ಹಾರಿಹೋಗುವ ಹಾಗೆ ನಕ್ಕರು. ಅಂಥ ನಗು ನನಗೆ ಹಿಂದೆ ಸಿಕ್ಕಿರಲಿಲ್ಲ. ಬಿದ್ದ ನಗುವೆಲ್ಲ ಹೊಡೆದವನಿಗೆ ಹೋಗುತ್ತಿತ್ತು, ಹೊಡೆಸಿಕೊಂಡವನಿಗೆ ಅಲ್ಲ. ಅವತ್ತು ಅದು ಕಾಲಿನಿಂದ ಮೇಲೆ ಹತ್ತಿತು. ಕಿಟಕಿಯ ಆ ಕಡೆ ನೀನು ಲೋಟ ಹಿಡಿದು ನಿಂತಿದ್ದೀಯೆಂದು ಗೊತ್ತಿತ್ತು. ಗೊತ್ತಿದ್ದೂ ಇನ್ನೊಂದು ಸಲ ಕರೆದೆ.

ಯಾರದೋ ಫೋನಿನಲ್ಲಿ ಅದು ಸೇರಿಕೊಂಡು ಊರೆಲ್ಲ ಸುತ್ತಿದ್ದು ನಿನಗೆ ತಿಳಿದಿದೆ. ಶಾಲೆ ಬಿಟ್ಟ ಮಕ್ಕಳು ನಿನ್ನ ಕಿಟಕಿಯ ಕೆಳಗೆ ನಿಂತು ನೀರು ಕೇಳಿ ಓಡುತ್ತಾರೆಂದು ಕೊಂಡೊ ಹೇಳಿದ. ಜೇನಾಳ ತರಗತಿಯಲ್ಲಿ ಮೇಷ್ಟರೇ ಒಮ್ಮೆ ಕೇಳಿದರಂತೆ.

ಕೊಂಬಾ ಅವತ್ತು ಚಪ್ಪರದಲ್ಲಿದ್ದ. ನಮ್ಮ ಧಾರಾವಾಹಿಯನ್ನು ಮಾಡುವ ಆ ಕೊಂಬಾನೇ. ಶೊಮಾರಿಯ ಜೊತೆಗೆ ಧಾರಾವಾಹಿಯೂ ಹೋಯಿತು ಎಂದು ಬೆಳಗ್ಗೆ ಅಂದಿದ್ದವನು ಮಧ್ಯಾಹ್ನ ಕಣ್ಣೊರೆಸಿಕೊಳ್ಳುತ್ತಾ ನನ್ನ ಬಳಿ ಬಂದು, "ಕಿಫೂ ಸತ್ತಿಲ್ಲ ಬಿಡು ಶಿಜಾ," ಎಂದ. ಕಣ್ಣೊರೆಸಿಕೊಂಡದ್ದು ನಕ್ಕು ಬಂದ ನೀರನ್ನು. ಬರುವ ಸೋಮವಾರ ಚಿತ್ರೀಕರಣ. "ಆಯಮ್ಮ ಬಿಳಿ ತೆಗೆಯೋ ತನಕ ಕಾದಿದ್ದೀವಿ, ಇನ್ನು ಯಾರೂ ಬಾಯಿ ಬಿಡಂಗಿಲ್ಲ," ಎನ್ನುತ್ತಾನೆ. ಮೊದಲ ದೃಶ್ಯದಲ್ಲಿ ಕಿಫೂ ತಾತ ಮಂಚದ ಮೇಲೆ ಮಲಗಿ ಹೆಂಡತಿಯನ್ನು ನೀರಿಗೆ ಕರೆಯುತ್ತಾನೆ. ಹೆಂಡತಿ ಪಾತ್ರಕ್ಕೆ ಮೊರೊಗೊರೊದ ಒಬ್ಬ ಹುಡುಗಿ ಬಂದಿದ್ದಾಳೆ. ಅವಳಿಗೆ "ಓ, ಬಂದೆ" ಕೂಡಿಬರುತ್ತಿಲ್ಲ. ಕೂಗುತ್ತಾಳೆ, ಹಾಡುತ್ತಾಳೆ, ಬಂದೆ ಎನ್ನುವುದೊಂದು ಬರುವುದಿಲ್ಲ. "ಆಯಮ್ಮನ್ನೇ ಕೇಳಿ ನೋಡಯ್ಯಾ, ಒಂದ್ಸಲ ಹೇಳಿಕೊಡ್ತಾರಾ ಅಂತ," ಎಂದ ಕೊಂಬಾ. ನಾನು ಕೇಳುತ್ತಿಲ್ಲ. ಅವನು ಕೇಳಿದ ಎಂದು ತಿಳಿಸುತ್ತಿದ್ದೇನೆ.

ನೀನು ಬೇಡವೆಂದರೆ ಬಿಟ್ಟುಬಿಡುತ್ತೇನೆ ಎಂದು ಇಲ್ಲಿ ಬರೆಯಬೇಕು. ಬರೆದೆ. ಬಿಡುತ್ತೇನೋ ಇಲ್ಲವೋ ಗೊತ್ತಿಲ್ಲ. ನನಗೀಗ ಐವತ್ತೊಂದು. ಹೊಡೆಯುವವನ ಜಾಗದಲ್ಲಿ ನಿಂತರೆ ಕ್ಯಾಮೆರಾ ಮುಖಕ್ಕೆ ಬರುತ್ತದೆ ಎಂದು ಮೊನ್ನೆ ತಾಲೀಮಿನಲ್ಲಿ ತಿಳಿಯಿತು. ಹೊಸ ಬಾಡಿಗೆದಾರ ತೆಳ್ಳಗಿನ ಹುಡುಗ, ಏಟಿಗೆ ಮೊದಲೇ ಕಣ್ಣು ಮುಚ್ಚುತ್ತಾನೆ. ಮುಚ್ಚಬೇಡ ಎಂದು ಹೇಳಿ ಹೊಡೆದೆ. ಚೆನ್ನಾಗಿ ಬಂತು.

ನಿನ್ನ ಪ್ರಶ್ನೆಗೆ ಉತ್ತರ ಇಷ್ಟೇ ಎಂದುಕೊ. ಆ ದನಿಯನ್ನು ನಾನು ಊಹಿಸಿ ಮಾಡಿದೆ. ನಟರಿಗೆ ಊಹೆ ಇರುತ್ತದೆ. ಆಸ್ಪತ್ರೆಯಲ್ಲಿ ಅವನು ನಿದ್ದೆಯಲ್ಲೇ ಹೋದ ಎಂದು ಅವತ್ತೇ ನಿನಗೆ ಹೇಳಿದ್ದೇನೆ. ಊರಿಗೂ ಹಾಗೆಯೇ ಗೊತ್ತಿದೆ.

ಭಾನುವಾರ ಮಿಂದು ಬಣ್ಣದ ಖಾಂಗಾ ಉಡುವಾಗ ನಿನ್ನ ಮೈಗೆ ತಂಪು ಬರಲಿ. ಬಾಗಿಲು ತೆರೆದಾಗ ಬೀದಿಯಲ್ಲಿ ಮಕ್ಕಳಿಲ್ಲದಿರಲಿ. ಜೇನಾ ಓದಿ, ಯಾರನ್ನೂ ನಗಿಸಬೇಕಾಗದ ಕೆಲಸ ಹಿಡಿಯಲಿ. ನಿನ್ನ ಮನೆಯ ಮೇಲೆ ದೇವರ ಕೈ ಇರಲಿ.

ಇಂತಿ ನಿನ್ನ ಗಂಡನ ಗೇಲಿನಂಟ,
ಶಿಜಾ

ಮರೆತ ಮಾತು: ಮರೆತಿರಲಿಲ್ಲ. ಕಾಗದ ಮಡಚಿ, ಬಿಚ್ಚಿ, ಇದನ್ನು ಬರೆಯುತ್ತಿದ್ದೇನೆ. ನಾನು ಊಹಿಸಲಿಲ್ಲ. ಆ ಶುಕ್ರವಾರ ಗಂಜಿ ಮಾಡಿ ತರುತ್ತೇನೆಂದು ನೀನು ಮನೆಗೆ ಹೋದೆಯಲ್ಲ, ಏನಾದರೂ ಆದರೆ ಫೋನ್ ಮಾಡು ಎಂದು ನನ್ನ ಕೈಗೆ ನಿನ್ನ ನಂಬರು ಬರೆದು. ಮಧ್ಯಾಹ್ನ ಎರಡು ಗಂಟೆಗೆ ಅವನಿಗೆ ಎಚ್ಚರವಾಯಿತು. ಬಾಗಿಲ ಕಡೆ ನೋಡಿ ನಿನ್ನ ಹೆಸರು ಹಿಡಿದು ಕರೆದ. ಸಂಜೆಯ ತನಕ ಬಾಯಿಗೆ ಹನಿ ನೀರೂ ಹಾಕಬಾರದೆಂದು ದಾದಿ ಹೇಳಿದ್ದಳು, ಅದು ಅವನಿಗೂ ಗೊತ್ತಿತ್ತು. ಹೆಸರಿಗೂ ನೀರಿಗೂ ನಡುವೆ ದನಿ ಮುರಿಯುತ್ತಿತ್ತು. ಅದು ಸರಿಯಾಗಿ ಎಲ್ಲಿ ಮುರಿಯುತ್ತದೆಂದು ನನಗೆ ಸಿಗಲಿಲ್ಲ. ಬರ್ತಾ ಇದಾಳೆ ಕಣಯ್ಯಾ ಎಂದೆ, ಇನ್ನೊಮ್ಮೆ ಕರೆಯಲಿ ಎಂದು. ಕರೆದ. ನಾಲ್ಕನೆಯ ಸಲಕ್ಕೆ ನನಗೆ ಸಿಕ್ಕಿತು. ನಿನ್ನ ಮನೆ ಅಲ್ಲಿಂದ ಹತ್ತು ನಿಮಿಷ. ನಾನು ಫೋನ್ ಮಾಡಲಿಲ್ಲ. ನನ್ನ ತುಟಿ ಅಲ್ಲಾಡುತ್ತಿದ್ದುದನ್ನು ಅವನು ನೋಡಿದ. ಆಮೇಲೆ ಬಾಗಿಲ ಕಡೆ ನೋಡುವುದನ್ನು ಬಿಟ್ಟು ನನ್ನ ಕಡೆಗೇ ತಿರುಗಿ, ಒಂದೊಂದೇ ಅಕ್ಷರ ಬಿಡಿಸಿ ನಿಧಾನವಾಗಿ ಹೇಳತೊಡಗಿದ. ಮೂರೂವರೆಗೆ ನಿಲ್ಲಿಸಿದ, ಉಸಿರೂ ನಿಂತಿತು. ನನಗೆ ಹೇಳಿಕೊಡುತ್ತಿದ್ದಾನೆ ಎಂದುಕೊಂಡಿದ್ದೆ. ನಾಲ್ಕು ತಿಂಗಳು ಹಾಗೆಯೇ ಅಂದುಕೊಂಡು ಉಂಡೆ, ಮಲಗಿದೆ. ನಿನ್ನೆ ತಾಲೀಮಿನಲ್ಲಿ ಮೊದಲ ಸಲ ಅದನ್ನು ಅವನು ಕೊನೆಗೆ ಹೇಳಿದ ಹಾಗೆಯೇ ನಿಧಾನವಾಗಿ ಹೇಳಿ ನೋಡಿದೆ. ಅದು ಹೇಳಿಕೊಡುವವನ ದನಿಯಲ್ಲ ಸಿವೇಮಾ, ಬೇಡಿಕೊಳ್ಳುವವನ ದನಿ. ಎಲ್ಲರೂ ನಕ್ಕರು. ಇದೇ ಹೆಚ್ಚು ಚೆನ್ನಾಗಿದೆ ಎಂದ ಕೊಂಬಾ. ಸೋಮವಾರ ಅದನ್ನೇ ತೆಗೆಯುತ್ತಾರೆ.