ಐದು ಮೊಳದ ಗೇಟು

ಶಿವದೇವಿ,

ನಿನ್ನ ಗಂಡ ಸೂಗಪ್ಪ ಇವತ್ತು ನಸುಕಿನ್ಯಾಗ ಹೊಸಾ ಪಿಕಪ್ ತಂದಾನ. ಅದು ಎಷ್ಟು ದೊಡ್ಡದಂದ್ರ, ದಿಲ್‌ಸುಖ್‌ನಗರದ ಮೆಟ್ರೋ ಕಂಬಗಳು ಸರಿದು ನಿಂತು ದಾರಿ ಕೊಟ್ಟವು, ಚಾರ್‌ಮಿನಾರ್ ಅಷ್ಟು ದೂರದಿಂದ ಬಗ್ಗಿ ನೋಡಿತು.

ಈಗ ಅವ ಅರ್ಜೆಂಟ್ ಕೆಲಸಕ್ಕ ಉಪ್ಪಲ್‌ಗೆ ಹೋಗ್ಯಾನ. ನೀ ಹಾಲು ಕಾಸು. ಹಿಮಾಯತ್‌ನಗರದ ಮದುವಿ ಮನಿಯ ರೊಟ್ಟಿ ಬುಟ್ಟಿಗಳನ್ನ ಕಾಂಪೌಂಡ್ ಗ್ವಾಡಿ ಮ್ಯಾಲಿಂದ ಆಟೋದವಗ ಕೊಡು. ಸ್ಕೂಟಿ ಹೊರಗ ತೆಗಿಬ್ಯಾಡ. ಗೇಟಿನ ಕಡೆ ನೋಡೂದೂ ಬ್ಯಾಡ.

"ರೊಟ್ಟಿ ಒಯ್ಯಾಕ ನಡು ಅಳತಿಯ ಪಿಕಪ್ ಸಾಕ್ರಿ. ನಾ ಅಳದೀನಿ, ನಮ್ಮ ಗೇಟು ಐದ ಮೊಳ ಐತಿ," ಅಂತ ಗಾಡಿ ಆರಿಸೂವಾಗ ಶೋರೂಮಿನ್ಯಾಗ ನೀ ಹೇಳಿದ್ದಿ. "ಸೂಗಪ್ಪನ ಮನಿ ರೊಟ್ಟಿ ಅಂದ್ರ ಏನಂತ ತಿಳದಿ? ಅವು ದೊಡ್ಡ ಗಾಡಿ ಬಿಟ್ಟು ಬ್ಯಾರೆ ಹತ್ತೂದಿಲ್ಲ!" ಅಂತ ಅವ ಅಲ್ಲಿದ್ದವರೆಲ್ಲರ ಮುಂದ ನಿನ್ನ ನೋಡಿ ನಕ್ಕ. ಟೇಪ್ ಕೊಟ್ಟರೂ ಒಲ್ಲೆ ಅಂದು, ದೊಡ್ಡ ಗಾಡಿಯನ್ನ ತನ್ನ ಕೈಯಿಂದಲೇ ಅಳದ. ನಾಲ್ಕೂವರಿ ಮೊಳ ಬಂತು. ಮೀಸಿ ತಿರುವಿದ.

ಗೇಟು ನಿನ್ನ ಮೊಳದ ಲೆಕ್ಕ, ಗಾಡಿ ಅವನ ಮೊಳದ ಲೆಕ್ಕ. ನಿನ್ನ ಕೈ ಗಿಡ್ಡ, ಅವನ ಕೈ ಉದ್ದ ಅನ್ನೂದು ಆ ದೊಡ್ಡ ತಲಿಗೆ ಹೊಳಿಲೇ ಇಲ್ಲ.

ಶಿವದೇವಿ, ಖರೇ ಹೇಳಿಬಿಡ್ತೀನಿ. ಉಪ್ಪಲ್‌ಗೆ ಯಾರೂ ಹೋಗಿಲ್ಲ. ನಾನು ಗೇಟಿನ್ಯಾಗ ಸಿಕ್ಕೊಂಡ ಗಾಡಿಯೊಳಗ ಕುಂತೀನಿ. ಎರಡೂ ಬಾಗಿಲು ಕಂಬಕ್ಕ ಹತ್ತಿ ತೆರಿಯೊಲ್ಲವು. ಈ ಚೀಟಿ ಕಿಟಕಿಯಿಂದ ಕೈ ಚಾಚಿ ಹಾಲಿನವನ ಕೈಯಾಗ ಕೊಟ್ಟು ಕಳಸತೀನಿ.

ಅವತ್ತು ನಾ ನಿನ್ನ ನೋಡಿ ನಕ್ಕದ್ದು ನೆನಸಿದ್ರ ಭಾಳ ನಾಚಿಕಿ ಆಗತೈತಿ. ಬೈಯೂದಿದ್ರ ಮೆಲ್ಲಗ ಬೈ, ಓಣಿ ಇನ್ನೂ ಎದ್ದಿಲ್ಲ.